ಮದ್ದು ನಾಟುತ್ತಿದೆಯಾ? ಗರ್ಭಕಂಠದ ಕ್ಯಾನ್ಸರಿನಲ್ಲಿ ಎಂಆರ್‌ಐ ಕೊಡುವ ಮುನ್ಸುಳಿವು

ಹನ್ನೆರಡನೇ ಕರೆಂಟ್ ಮುಗಿಸಿಕೊಂಡು ಬೆಂಗಳೂರಿನಿಂದ ಕೋಲಾರದ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ನರಸಾಪುರ ದಾಟಿತ್ತು. ಕಿಟಕಿ ಪಕ್ಕ ಕೂತಿದ್ದ ಚಿಕ್ಕಮ್ಮ ಇದ್ದಕ್ಕಿದ್ದ ಹಾಗೆ ಕೇಳಿದರು: "ದಿನಾ ಹೋಗಿ ಮಲಗಿ ಎದ್ದು ಬರ್ತೀನಿ. ಒಳಗೆ ಇದು ನಾಟ್ತಾ ಇದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?"

ನಮ್ಮ ಕಡೆ ರೇಡಿಯೇಷನ್‌ಗೆ ಕರೆಂಟ್ ಅಂತಲೇ ಹೆಸರು. ಕರೆಂಟ್ ಕೊಡೋದು, ಕರೆಂಟ್ ಇಡೋದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಆಯಸ್ಕಾಂತದ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಆದರೂ ಚಿಕ್ಕಮ್ಮನ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ಡಾಕ್ಟರುಗಳನ್ನು ಕೇಳಿದೆ, ಫಿಲ್ಮುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಬಸ್ಸಿನಲ್ಲಿ ಓಡಾಡುವ ಬೇರೆ ಮನೆಯವರಿಗೂ ಬೇಕಾಗಬಹುದು.

ಮೊದಲು ಕಾಯಿಲೆ ಏನು ಅಂತ ನೋಡೋಣ. ಗರ್ಭಕಂಠ ಅಂದರೆ ಗರ್ಭಕೋಶದ ಬಾಯಿ. ಸುಮಾರು ಮೂರು ಸೆಂಟಿಮೀಟರ್ ಉದ್ದದ, ಗಟ್ಟಿ ನಾರಿನ ಕೊಳವೆ. ಇಲ್ಲಿ ಬರುವ ಕ್ಯಾನ್ಸರಿಗೆ ಹೆಚ್ಚುಕಡಿಮೆ ಎಲ್ಲ ಸಂದರ್ಭದಲ್ಲೂ ಎಚ್‌ಪಿವಿ ಅನ್ನುವ ವೈರಸ್ ಕಾರಣ. ಅದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕಾಯಿಲೆ ಹೊಸದಾಗಿ ಬಂದಿದೆ. ಸುಮಾರು 80 ಸಾವಿರ ಜನ ತೀರಿಕೊಂಡಿದ್ದಾರೆ. ಬಿಳುಪು ಹೋಗುತ್ತದೆ, ವಾಸನೆ ಬರುತ್ತದೆ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸುತ್ತದೆ. ಚಿಕ್ಕಮ್ಮ ಅದನ್ನು ಏಳು ತಿಂಗಳು ಯಾರಿಗೂ ಹೇಳಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಆ ಏಳು ತಿಂಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಗಡ್ಡೆ ಚಿಕ್ಕದಿದ್ದರೆ ಆಪರೇಷನ್ ಮಾಡಿ ತೆಗೆಯುತ್ತಾರೆ. ನಾಲ್ಕು ಸೆಂಟಿಮೀಟರ್ ಮೀರಿದ್ದರೆ, ಅಥವಾ ಗರ್ಭಕಂಠ ದಾಟಿ ಅಕ್ಕಪಕ್ಕಕ್ಕೆ ಹೋಗಿದ್ದರೆ, ಸಾಮಾನ್ಯವಾಗಿ ಆಪರೇಷನ್ ಬದಲು ಕರೆಂಟ್ ಮತ್ತು ಕೀಮೋ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಐದು ಅಧ್ಯಯನಗಳನ್ನು ಮುಂದಿಟ್ಟುಕೊಂಡು ಒಂದು ಪ್ರಕಟಣೆ ಹೊರಡಿಸಿತು. ಕರೆಂಟಿನ ಜೊತೆ ಸಿಸ್‌ಪ್ಲಾಟಿನ್ ಮೂಲದ ಕೀಮೋ ಕೊಡುವುದನ್ನು ಗಟ್ಟಿಯಾಗಿ ಪರಿಗಣಿಸಿ ಅಂತ ಡಾಕ್ಟರುಗಳಿಗೆ ಹೇಳಿತು. ಆಗಿನಿಂದ ಪ್ರಪಂಚದ ಎಲ್ಲ ಕಡೆ ಇದೇ ದಾರಿ. ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು 25 ಸಲ ಹೊರಗಿನಿಂದ ಕರೆಂಟ್. ವಾರಕ್ಕೊಮ್ಮೆ ಕೀಮೋ. ಕೊನೆಗೆ ಗರ್ಭಕೋಶದ ಒಳಗೇ ಕೊಳವೆ ಇಟ್ಟು ಕೊಡುವ ಬ್ರಾಕಿಥೆರಪಿ, ನಮ್ಮವರ ಬಾಯಲ್ಲಿ "ಒಳಗಿನ ಕರೆಂಟ್". ಇಷ್ಟೂ ಎಂಟು ವಾರದೊಳಗೆ ಮುಗಿಯಬೇಕು. ತಡ ಮಾಡಿದಷ್ಟೂ ಉಳಿದ ಜೀವಕೋಶಗಳು ಮತ್ತೆ ಬೆಳೆಯಲು ದಾರಿಯಾಗುತ್ತದೆ.

ಒಂದೇ ಹಂತದ ಕಾಯಿಲೆ ಇರುವ ಇಬ್ಬರಿಗೆ ಇದೇ ಚಿಕಿತ್ಸೆಯನ್ನು ಒಂದೇ ಅಳತೆಯಲ್ಲಿ ಕೊಟ್ಟರೂ ಒಬ್ಬರ ಗಡ್ಡೆ ಮಂಜಿನಂತೆ ಕರಗುತ್ತದೆ. ಇನ್ನೊಬ್ಬರದು ಹಠ ಹಿಡಿದು ಕೂರುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ. ಯಾರದು ಕರಗುತ್ತದೆ, ಯಾರದು ಕೂರುತ್ತದೆ ಅಂತ ಚಿಕಿತ್ಸೆ ಮುಗಿಯುವ ಮೊದಲೇ ಸುಳಿವು ಸಿಗುತ್ತದಾ? ಇಲ್ಲಿ ಎಂಆರ್‌ಐ ಬರುತ್ತದೆ.

ಆಯಸ್ಕಾಂತ, ನೀರು, ರೇಡಿಯೋ

ಎಂಆರ್‌ಐ ಯಂತ್ರ ಒಂದು ದೊಡ್ಡ ಆಯಸ್ಕಾಂತ. ಸಾಮಾನ್ಯವಾಗಿ ಸಿಗುವ ಯಂತ್ರದ ಬಲ 1.5 ಟೆಸ್ಲಾ. ದಿಕ್ಸೂಚಿಯನ್ನು ತಿರುಗಿಸುವ ಭೂಮಿಯ ಕಾಂತಬಲಕ್ಕಿಂತ ಇದು ಸುಮಾರು 30 ಸಾವಿರ ಪಟ್ಟು ಜಾಸ್ತಿ. ನಮ್ಮ ಮೈಯಲ್ಲಿ ಇರುವುದು ಮುಖ್ಯವಾಗಿ ನೀರು. ನೀರಿನ ಪ್ರತಿ ಅಣುವಿನಲ್ಲೂ ಎರಡು ಹೈಡ್ರೋಜನ್. ಆ ಹೈಡ್ರೋಜನ್ನಿನ ನಡುವಿನ ಪ್ರೋಟಾನ್ ಒಂದು ಪುಟಾಣಿ ಆಯಸ್ಕಾಂತದ ಹಾಗೆ ನಡೆದುಕೊಳ್ಳುತ್ತದೆ. ಯಂತ್ರದೊಳಗೆ ಹೋದಾಗ ಇವು ಆ ದೊಡ್ಡ ಆಯಸ್ಕಾಂತದ ಕಡೆ ವಾಲುತ್ತವೆ. ಆಮೇಲೆ ಒಂದು ರೇಡಿಯೋ ತರಂಗವನ್ನು ಬಿಡುತ್ತಾರೆ. 1.5 ಟೆಸ್ಲಾದಲ್ಲಿ ಅದು ಸುಮಾರು 64 ಮೆಗಾಹರ್ಟ್ಸ್, ಅಂದರೆ ನಮ್ಮ ಎಫ್‌ಎಂ ಶುರುವಾಗುವ 88ಕ್ಕಿಂತ ಸ್ವಲ್ಪ ಕೆಳಗೆ. ತರಂಗ ತಾಗಿದಾಗ ಪ್ರೋಟಾನುಗಳು ಅಲುಗಾಡುತ್ತವೆ. ನಿಲ್ಲಿಸಿದಾಗ ಮೆಲ್ಲಗೆ ತಮ್ಮ ಜಾಗಕ್ಕೆ ಮರಳುತ್ತವೆ. ಮರಳುವಾಗ ತಾವೇ ಸಣ್ಣ ರೇಡಿಯೋ ಸಂಕೇತ ಕಳಿಸುತ್ತವೆ. ಆ ಸಂಕೇತವನ್ನು ಹಿಡಿದು ಚಿತ್ರ ಮಾಡುತ್ತಾರೆ.

ಎಲ್ಲ ಜಾಗದ ಪ್ರೋಟಾನುಗಳೂ ಒಂದೇ ವೇಗದಲ್ಲಿ ಮರಳುವುದಿಲ್ಲ. ಗಡ್ಡೆಯ ಪ್ರೋಟಾನುಗಳು ಮರಳುವ ಸಮಯ ಬೇರೆ ಅಂತ ಅಮೆರಿಕದ ರೇಮಂಡ್ ಡಮೇಡಿಯನ್ 1971ರಲ್ಲೇ ಇಲಿಗಳ ಗಡ್ಡೆಗಳಲ್ಲಿ ಅಳೆದು ತೋರಿಸಿದ್ದರು. ಅದನ್ನು ಚಿತ್ರವಾಗಿಸುವ ದಾರಿ ಕಂಡುಹಿಡಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಹೀಗಾಗಿ ಕ್ಯಾನ್ಸರಿಗೂ ಎಂಆರ್‌ಐಗೂ ಹುಟ್ಟಿನಿಂದಲೇ ನಂಟು.

ಚಿಕ್ಕಮ್ಮನಿಗೆ ಇದರಲ್ಲಿ ಮುಖ್ಯವಾಗಿ ಹೇಳಬೇಕಾಗಿದ್ದುದು ಬೇರೆಯೇ: ಎಂಆರ್‌ಐನಲ್ಲಿ ಕರೆಂಟ್ ಇಲ್ಲ. ಅಂದರೆ ಎಕ್ಸ್‌ರೇ, ಸಿಟಿಯಲ್ಲಿ ಇರುವ ಥರದ ವಿಕಿರಣ ಇಲ್ಲ. ಎಷ್ಟು ಸಲ ಮಾಡಿದರೂ ಆ ಲೆಕ್ಕದಲ್ಲಿ ಭಯ ಇಲ್ಲ. ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ನೋಡಲು ಇದು ಒಪ್ಪುವುದು ಅದಕ್ಕೇ.

ಮಾವಿನಕಾಯಿಯ ಸಿಪ್ಪೆ

ಮೊದಲ ಸ್ಕ್ಯಾನಿನಲ್ಲಿ ನೋಡುವುದು ಗಡ್ಡೆಯ ಆಕಾರ ಮತ್ತು ಗಡಿ. ಟಿ2 ಅನ್ನುವ ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೆ, ಗಟ್ಟಿ ನಾರು ಕಪ್ಪಗೆ ಕಾಣುತ್ತದೆ. ಆರೋಗ್ಯವಾಗಿರುವ ಗರ್ಭಕಂಠವನ್ನು ಅಡ್ಡಕ್ಕೆ ಸೀಳಿದ ಹಾಗೆ ನೋಡಿದರೆ ಸುತ್ತ ಒಂದು ಕಪ್ಪು ಉಂಗುರ ಇರುತ್ತದೆ. ಗಡ್ಡೆ ಬೂದು ಬಣ್ಣದಲ್ಲಿ ಆ ಉಂಗುರದೊಳಗೆ ಎದ್ದು ಕಾಣುತ್ತದೆ.

ನಮ್ಮ ಶ್ರೀನಿವಾಸಪುರದ ಮಾವಿನ ಹಣ್ಣನ್ನು ನೆನೆಸಿಕೊಳ್ಳಿ. ಒಳಗೆ ಓಟೆಯಲ್ಲಿ ಹುಳ ಇದ್ದರೂ ಸಿಪ್ಪೆ ನೆಟ್ಟಗಿದ್ದರೆ ಪಕ್ಕದ ಹಣ್ಣಿಗೆ ಏನೂ ಆಗಿಲ್ಲ ಅಂತ ಲೆಕ್ಕ. ಹಾಗೆಯೇ ಕಪ್ಪು ಉಂಗುರ ಪೂರ್ತಿ ಇದ್ದರೆ ಕಾಯಿಲೆ ಗರ್ಭಕಂಠ ದಾಟಿಲ್ಲ ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಉಂಗುರ ಎಲ್ಲಾದರೂ ಹರಿದು, ಬೂದು ಬಣ್ಣ ಆಚೆ ಚಾಚಿದ್ದರೆ ಅಕ್ಕಪಕ್ಕದ ಕೊಬ್ಬಿನ ಪದರಕ್ಕೆ ಹೋಗಿದೆ ಅಂತ. ಬೆರಳಿನಲ್ಲಿ ಮುಟ್ಟಿ ಪರೀಕ್ಷೆ ಮಾಡಿದಾಗ ಇದು ಎಷ್ಟೋ ಸಲ ತಪ್ಪುತ್ತದೆ. ಹಂತ ನಿರ್ಧರಿಸುವ ಅಂತರರಾಷ್ಟ್ರೀಯ ನಿಯಮ ಬಹಳ ಕಾಲ ಕೈಪರೀಕ್ಷೆಯನ್ನೇ ನೆಚ್ಚಿಕೊಂಡಿತ್ತು. ಎಂಆರ್‌ಐ ಥರದ ಚಿತ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅಂತ ಬದಲಾದದ್ದು 2018ರಲ್ಲಿ.

ಗಡ್ಡೆ ಎಷ್ಟು ದೊಡ್ಡದು, ಉಂಗುರ ಹರಿದಿದೆಯಾ, ಹತ್ತಿರದ ದುಗ್ಧಗ್ರಂಥಿಗಳು (ಲಿಂಫ್ ಗಂಟುಗಳು) ಊದಿವೆಯಾ, ಮೂತ್ರನಾಳ ಒತ್ತಿಕೊಂಡಿದೆಯಾ? ಇವಿಷ್ಟೂ ಮೊದಲ ಮುನ್ಸುಳಿವು. ದೊಡ್ಡ ಗಡ್ಡೆ ಚಿಕ್ಕ ಗಡ್ಡೆಗಿಂತ ಕಷ್ಟ. ಗ್ರಂಥಿಗೆ ಹೋಗಿದ್ದರೆ ಇನ್ನೂ ಕಷ್ಟ. ಇದು ಯಾರಿಗೂ ಆಶ್ಚರ್ಯದ ಮಾತಲ್ಲ. ಆದರೆ ಒಂದೇ ಅಳತೆಯ ಎರಡು ಗಡ್ಡೆಗಳಲ್ಲಿ ಯಾವುದು ಕರಗುತ್ತದೆ ಅನ್ನುವುದನ್ನು ಆಕಾರ ಹೇಳುವುದಿಲ್ಲ. ಅದಕ್ಕೆ ಗಡ್ಡೆಯೊಳಗೆ ಇಣುಕಬೇಕು.

ಟೊಮೆಟೊ ಮಂಡಿಯಲ್ಲಿ ನಡೆದಾಡುವ ನೀರು

ನನಗೆ ತುಂಬ ಹಿಡಿಸಿದ್ದು ಈ ಭಾಗ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನೀರಿನ ಅಣುಗಳು ಯಾವತ್ತೂ ಸುಮ್ನೆ ಇರುವುದಿಲ್ಲ. ಯಾರೂ ತಳ್ಳದಿದ್ದರೂ ತಾವೇ ಅತ್ತಿತ್ತ ಓಡಾಡುತ್ತಿರುತ್ತವೆ. ಎಂಆರ್‌ಐ ಈ ಓಡಾಟವನ್ನು ಅಳೆಯಬಲ್ಲದು. ಒಂದು ಸೆಕೆಂಡನ್ನು ಇಪ್ಪತ್ತು ಭಾಗ ಮಾಡಿದರೆ ಸಿಗುವ ಒಂದು ಚೂರು ಹೊತ್ತಿನಲ್ಲಿ ನೀರಿನ ಅಣು ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ದೂರ ಹೋಗುತ್ತದೆ. ಅಷ್ಟು ಸಣ್ಣ ನಡಿಗೆಯನ್ನು ಯಂತ್ರ ಹಿಡಿಯುತ್ತದೆ. ಇದಕ್ಕೆ ಡಿಫ್ಯೂಷನ್ ಸ್ಕ್ಯಾನ್ ಅನ್ನುತ್ತಾರೆ. ಅದರಿಂದ ಬರುವ ಸಂಖ್ಯೆಗೆ ಎಡಿಸಿ ಅಂತ ಹೆಸರು. ಸಂಖ್ಯೆ ಜಾಸ್ತಿ ಇದ್ದರೆ ನೀರು ಆರಾಮಾಗಿ ಓಡಾಡುತ್ತಿದೆ ಅಂತ. ಕಡಿಮೆ ಇದ್ದರೆ ಇಕ್ಕಟ್ಟು ಅಂತ.

ಕೋಲಾರದ ಎಪಿಎಂಸಿ ಮಂಡಿಗೆ ಸೀಸನ್ನಿನಲ್ಲಿ ಬೆಳಗ್ಗೆ ಹೋದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಟೊಮೆಟೊ ಕ್ರೇಟುಗಳು ಆಳೆತ್ತರ ಪೇರಿಸಿಟ್ಟಿರುತ್ತಾರೆ. ನಡುವೆ ಒಬ್ಬ ಮನುಷ್ಯ ಪಕ್ಕಕ್ಕೆ ತಿರುಗಿಕೊಂಡು ಹೋಗುವಷ್ಟೂ ಜಾಗ ಇರುವುದಿಲ್ಲ. ಎರಡು ಹೆಜ್ಜೆ ಇಟ್ಟರೆ ಕ್ರೇಟ್ ತಡೆಯುತ್ತದೆ. ಹರಾಜು ಮುಗಿದು ಲಾರಿಗಳು ಲೋಡ್ ಆಗಿ ಹೊರಟ ಮೇಲೆ ಅದೇ ಜಾಗದಲ್ಲಿ ಕೈ ಬೀಸಿಕೊಂಡು ನಡೆಯಬಹುದು. ಮಂಡಿಯ ಗೋಡೆ, ಸೂರು, ಅಳತೆ ಎಲ್ಲ ಹಾಗೇ ಇದೆ. ಒಳಗೆ ಮಾತ್ರ ಖಾಲಿಯಾಗಿದೆ.

ಕ್ಯಾನ್ಸರ್ ಗಡ್ಡೆ ತುಂಬಿದ ಮಂಡಿ. ಜೀವಕೋಶಗಳು ಒತ್ತೊತ್ತಾಗಿ ಬೆಳೆದಿರುತ್ತವೆ. ನೀರಿಗೆ ಓಡಾಡಲು ಜಾಗ ಇಲ್ಲ. ಹಾಗಾಗಿ ಎಡಿಸಿ ಕಡಿಮೆ. ಕರೆಂಟ್ ಬಿದ್ದ ಮೇಲೆ ಜೀವಕೋಶಗಳ ಡಿಎನ್‌ಎ ಹರಿಯುತ್ತದೆ, ಅವು ಸಾಯತೊಡಗುತ್ತವೆ, ಪೊರೆಗಳು ಒಡೆಯುತ್ತವೆ. ನಡುವೆ ಜಾಗ ಹುಟ್ಟುತ್ತದೆ. ನೀರು ಓಡಾಡತೊಡಗುತ್ತದೆ. ಎಡಿಸಿ ಏರುತ್ತದೆ. ಮುಖ್ಯ ವಿಷಯ ಏನೆಂದರೆ, ಗಡ್ಡೆಯ ಅಳತೆ ಇಳಿಯಲು ವಾರಗಳು ಬೇಕು. ಸತ್ತ ಕಸವನ್ನು ಮೈ ಸಾಗಿಸಬೇಕಲ್ಲ. ಆದರೆ ಒಳಗಿನ ಖಾಲಿತನ ಅದಕ್ಕಿಂತ ಮೊದಲೇ, ಎರಡನೇ ಮೂರನೇ ವಾರದ ಹೊತ್ತಿಗೇ ಕಾಣಿಸಬಹುದು. ಹೊರಗಿನಿಂದ ಮಂಡಿ ಅಷ್ಟೇ ದೊಡ್ಡದಾಗಿ ಕಂಡರೂ ಒಳಗೆ ಲಾರಿಗಳು ಹೊರಟಿವೆ ಅಂತ ಗೊತ್ತಾಗುತ್ತದೆ.

ಹನ್ನೆರಡನೇ ಕರೆಂಟಿನ ದಿನ ಚಿಕ್ಕಮ್ಮ ಕೇಳಿದ ಪ್ರಶ್ನೆಗೆ ಉತ್ತರ ಇದೇ. ಆ ಹೊತ್ತಿಗೆ ಒಂದು ಸಲ ಡಿಫ್ಯೂಷನ್ ನೋಡಿ ಮೊದಲಿನದರ ಜೊತೆ ಹೋಲಿಸಿದರೆ, ನಾಟುತ್ತಿದೆಯಾ ಇಲ್ಲವಾ ಅಂತ ಸುಳಿವು ಸಿಗುತ್ತದೆ. ಸಂಖ್ಯೆ ಚೆನ್ನಾಗಿ ಏರಿದವರಲ್ಲಿ ಗಡ್ಡೆ ಪೂರ್ತಿ ಕರಗುವ ಸಾಧ್ಯತೆ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ಚಿಕಿತ್ಸೆ ಶುರುವಾಗುವ ಮೊದಲಿನ ಒಂಟಿ ಸಂಖ್ಯೆಯನ್ನು ನೋಡಿ ಭವಿಷ್ಯ ಹೇಳಲು ಹೋದವರಿಗೆ ಒಂದೊಂದು ಕಡೆ ಒಂದೊಂದು ಫಲಿತಾಂಶ ಬಂದಿದೆ. ಬದಲಾವಣೆಯನ್ನು ನೋಡಿದವರಿಗೆ ಹೆಚ್ಚು ಭರವಸೆಯ ಉತ್ತರ ಸಿಕ್ಕಿದೆ. ರಾಗಿ ಬಿತ್ತಿದ ದಿನ ಹೊಲ ನೋಡಿ ಇಳುವರಿ ಹೇಳುವುದಕ್ಕೂ, ಇಪ್ಪತ್ತು ದಿನ ಬಿಟ್ಟು ಪೈರು ನೋಡಿ ಹೇಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಈ ಸ್ಕ್ಯಾನಿಗೆ ಇಂಜೆಕ್ಷನ್ ಬೇಕಿಲ್ಲ. ಅದು ಸಣ್ಣ ಲಾಭ ಅಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಡ್ರಿಪ್ ಪೈಪಿನ ಕೊನೆಯ ಗಿಡ

ಗಡ್ಡೆ ಹಠ ಹಿಡಿಯಲು ದೊಡ್ಡ ಕಾರಣ ಆಮ್ಲಜನಕ ಇಲ್ಲದಿರುವುದು. ಇದು ಮೊದಲು ಕೇಳಿದಾಗ ತಲೆಕೆಳಗು ಅನಿಸುತ್ತದೆ. ಉಸಿರು ಸಿಗದ ಜೀವಕೋಶ ಬೇಗ ಸಾಯಬೇಕಲ್ಲವಾ? ಆದರೆ ಕರೆಂಟಿನ ವಿಷಯದಲ್ಲಿ ಹಾಗಲ್ಲ. ಕಿರಣ ಡಿಎನ್‌ಎಗೆ ಮಾಡಿದ ಗಾಯವನ್ನು ಕಾಯಂ ಮಾಡುವುದು ಆಮ್ಲಜನಕ. ಅದು ಇಲ್ಲದಿದ್ದರೆ ಗಾಯ ರಿಪೇರಿ ಆಗಿಬಿಡುತ್ತದೆ. ಆಮ್ಲಜನಕ ಇಲ್ಲದ ಜೀವಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಕಿರಣ ಬೇಕಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಡ್ರಿಪ್ ಹಾಕದ ತೋಟ ಹುಡುಕಬೇಕು. ಪೈಪ್ ಅಲ್ಲಲ್ಲಿ ಕಟ್ಟಿಕೊಂಡಿದ್ದರೆ, ಒತ್ತಡ ಸಾಲದಿದ್ದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮೊದಲ ಗಿಡಗಳಿಗೆ ನೀರು ಸಿಗುತ್ತದೆ, ಕೊನೆಯವು ಬಾಡುತ್ತವೆ. ಗಡ್ಡೆ ತನಗೆ ತಾನೇ ಅವಸರದಲ್ಲಿ ಎಳೆದುಕೊಂಡ ರಕ್ತನಾಳಗಳೂ ಹೀಗೆಯೇ. ಸೊಟ್ಟ, ಸೋರುವ, ನಡುವೆ ಕಟ್ಟಿಕೊಂಡ ನಾಳಗಳು. ರಕ್ತನಾಳದಿಂದ ಆಮ್ಲಜನಕ ಒಂದು ಮಿಲಿಮೀಟರಿನ ಐದನೇ ಒಂದು ಭಾಗ ದೂರ ಹೋಗುವುದೂ ಕಷ್ಟ. ಅದಕ್ಕಿಂತ ಆಚೆ ಇರುವ ಜೀವಕೋಶಗಳು ಉಸಿರಿಲ್ಲದೆ, ಆದರೂ ಸಾಯದೆ, ಕರೆಂಟಿಗೂ ಬಗ್ಗದೆ ಕೂತಿರುತ್ತವೆ.

ಪೈಪ್ ಎಲ್ಲಿ ಕಟ್ಟಿದೆ ಅಂತ ನೋಡಲು ವೆಂಚುರಿಯಲ್ಲಿ (ಡ್ರಿಪ್ ನೀರಿಗೆ ಗೊಬ್ಬರ ಸೇರಿಸುವ ಕೊಳವೆ) ಬಣ್ಣ ಬಿಟ್ಟರೆ ಯಾವ ಸಾಲಿಗೆ ಎಷ್ಟು ಬೇಗ ತಲುಪಿತು ಅಂತ ತಿಳಿಯುತ್ತದೆ. ಎಂಆರ್‌ಐನಲ್ಲಿ ಆ ಬಣ್ಣ ಗ್ಯಾಡೊಲಿನಿಯಂ ಅನ್ನುವ ಔಷಧಿ. ಕೈಯ ನರಕ್ಕೆ ಕೊಟ್ಟು, ಕೆಲವು ಸೆಕೆಂಡಿಗೊಂದರಂತೆ ಚಿತ್ರ ತೆಗೆಯುತ್ತಾ ಹೋಗುತ್ತಾರೆ. ಗಡ್ಡೆಯ ಯಾವ ಭಾಗ ಬೇಗ ಬೆಳಗಿತು, ಯಾವುದು ಮಂಕಾಗೇ ಉಳಿಯಿತು ಅಂತ ಗೊತ್ತಾಗುತ್ತದೆ. ಬೇಗ ಬೆಳಗಿದರೆ ರಕ್ತ ಚೆನ್ನಾಗಿ ಹೋಗುತ್ತಿದೆ, ಕರೆಂಟ್ ನಾಟುವ ಸಾಧ್ಯತೆ ಜಾಸ್ತಿ. ಮಂಕಾದ ಭಾಗ ದೊಡ್ಡದಿದ್ದರೆ ಎಚ್ಚರ. 1990ರ ದಶಕದಿಂದಲೂ ಗರ್ಭಕಂಠದ ಕ್ಯಾನ್ಸರಿನಲ್ಲಿ ಇದನ್ನು ನೋಡುತ್ತಾ ಬಂದಿದ್ದಾರೆ.

ಇಲ್ಲಿ ಒಂದು ತೊಡಕು ಇದೆ. ಗ್ಯಾಡೊಲಿನಿಯಂ ಮೈಯಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ಕಾಯಿಲೆ ಮುಂದುವರಿದ ಹೆಂಗಸರಲ್ಲಿ ಗಡ್ಡೆ ಮೂತ್ರನಾಳವನ್ನು ಒತ್ತಿ ಕಿಡ್ನಿ ಊದಿಸಿರುತ್ತದೆ. ಅಂಥವರಿಗೆ ಈ ಇಂಜೆಕ್ಷನ್ ಕೊಡುವ ಮೊದಲು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತದ ಕ್ರಿಯಾಟಿನಿನ್ ನೋಡಲೇಬೇಕು. ಜಾಸ್ತಿ ಇದ್ದರೆ ಡಿಫ್ಯೂಷನ್ ಒಂದನ್ನೇ ನಂಬಿಕೊಳ್ಳಬೇಕಾಗುತ್ತದೆ. ಇಂಜೆಕ್ಷನ್ ಬೇಡದಿರುವುದು ಸಣ್ಣ ಲಾಭ ಅಲ್ಲ ಅಂದದ್ದು ಇದಕ್ಕೇ.

ಇನ್ನೊಂದು ಮಾತು. ರಕ್ತನಾಳ ಸರಿ ಇದ್ದರೂ ರಕ್ತದಲ್ಲೇ ಶಕ್ತಿ ಇಲ್ಲದಿದ್ದರೆ? 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇತ್ತು. ಅದರ ಮೇಲೆ ತಿಂಗಳುಗಟ್ಟಲೆ ರಕ್ತಸ್ರಾವ. ಚಿಕ್ಕಮ್ಮನ ಹಿಮೋಗ್ಲೋಬಿನ್ ಮೊದಲ ದಿನ 7.8 ಇತ್ತು. ಡಾಕ್ಟರ್ ರಕ್ತ ಕೊಡಿಸಿ 10 ದಾಟಿಸಿದ ಮೇಲೇ ಕರೆಂಟ್ ಶುರು ಮಾಡಿದರು. ಆಗ ನಮಗೆ ಅದು ಸುಮ್ನೆ ತಡ ಅನಿಸಿ ಬೇಜಾರಾಗಿತ್ತು. ಈಗ ಅರ್ಥವಾಗಿದೆ.

ಸುಳಿವು ಸಿಕ್ಕರೆ ಏನು ಮಾಡುತ್ತಾರೆ?

"ಮುಂಚೆಯೇ ಗೊತ್ತಾದರೆ ಏನು ಉಪಯೋಗ? ಹೆದರಿಕೆ ಜಾಸ್ತಿ ಆಗುತ್ತೆ ಅಷ್ಟೇ." ಇದು ನಮ್ಮ ಚಿಕ್ಕಪ್ಪನ ಮಾತು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಏನೂ ಬದಲಾಯಿಸಲು ಆಗದಿದ್ದರೆ ಮುನ್ಸುಳಿವು ಬರೀ ಹೆದರಿಕೆ. ಆದರೆ ಇಲ್ಲಿ ಬದಲಾಯಿಸಲು ಆಗುವುದಿದೆ. ಅತಿ ಮುಖ್ಯವಾದದ್ದು ಒಳಗಿನ ಕರೆಂಟ್.

ಐದು ವಾರದ ಹೊರಗಿನ ಕರೆಂಟ್ ಮುಗಿಯುವ ಹೊತ್ತಿಗೆ ಮತ್ತೆ ಎಂಆರ್‌ಐ ಮಾಡುತ್ತಾರೆ. ಅನುಕೂಲ ಇರುವ ಕಡೆ ಒಳಗೆ ಕೊಳವೆ ಇಟ್ಟುಕೊಂಡೇ ಮಾಡುತ್ತಾರೆ. ಗಡ್ಡೆ ಮೊದಲು ಎಷ್ಟಿತ್ತು, ಈಗ ಎಷ್ಟು ಉಳಿದಿದೆ, ಯಾವ ಮೂಲೆಯಲ್ಲಿ ಉಳಿದಿದೆ ಅಂತ ಅದರಲ್ಲಿ ಕಾಣುತ್ತದೆ. ಒಳಗಿನ ಕರೆಂಟಿನಲ್ಲಿ ಇರಿಡಿಯಂ ಅನ್ನುವ ಲೋಹದ ಅಕ್ಕಿಕಾಳಿನಂಥ ಚೂರು ಕೊಳವೆಯೊಳಗೆ ಓಡಾಡಿ ಕಿರಣ ಬಿಡುತ್ತದೆ. ಹತ್ತಿರಕ್ಕೆ ಬಹಳ ಬಲ, ಸ್ವಲ್ಪ ದೂರಕ್ಕೇ ಬಲ ಕುಸಿಯುತ್ತದೆ. ಮುಂದೆ ಮೂತ್ರಕೋಶ, ಹಿಂದೆ ಗುದನಾಳ. ಅವು ಸುಡದ ಹಾಗೆ ಗಡ್ಡೆಗೆ ಮಾತ್ರ ಕೊಡಬೇಕು. ಉಳಿದ ಚೂರು ಬಲಕ್ಕೆ ವಾಲಿದ್ದರೆ ಆ ಕಡೆಗೆ ಸೂಜಿಗಳನ್ನು ಸೇರಿಸಿ ಕಿರಣವನ್ನು ತಲುಪಿಸಬಹುದು. ಚೆನ್ನಾಗಿ ಕರಗಿದ್ದರೆ ಸುತ್ತಲಿನ ಅಂಗಗಳಿಗೆ ಬೀಳುವುದನ್ನು ಕಡಿಮೆ ಮಾಡಬಹುದು.

ಮೊದಲೆಲ್ಲ ಎಲ್ಲರಿಗೂ ಒಂದೇ ಗುರುತಿನ ಬಿಂದುವಿಗೆ ಲೆಕ್ಕ ಹಾಕಿ ಕೊಡುತ್ತಿದ್ದರು, ಎಲ್ಲರಿಗೂ ಒಂದೇ ಅಳತೆಯ ರವಿಕೆ ಹೊಲಿದ ಹಾಗೆ. ಅವರವರ ಎಂಆರ್‌ಐ ನೋಡಿ ಅಳತೆ ಬದಲಿಸುವ ಈ ವಿಧಾನವನ್ನು ಎಂಬ್ರೇಸ್ ಅನ್ನುವ ಅಧ್ಯಯನ ಯುರೋಪ್, ಏಷ್ಯಾ, ಉತ್ತರ ಅಮೆರಿಕದ 24 ಕೇಂದ್ರಗಳಲ್ಲಿ 1,300ಕ್ಕೂ ಹೆಚ್ಚು ಹೆಂಗಸರಲ್ಲಿ ನೋಡಿತು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಐದು ವರ್ಷದ ನಂತರ ನೂರಕ್ಕೆ 92 ಜನರಲ್ಲಿ ಆ ಜಾಗದ ಕಾಯಿಲೆ ಹತೋಟಿಯಲ್ಲಿತ್ತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದೇ ದೊಡ್ಡ ಸುದ್ದಿ.

ನಮ್ಮ ದೇಶದಲ್ಲಿ ಪ್ರತಿ ಸಲವೂ ಕೊಳವೆ ಇಟ್ಟುಕೊಂಡು ಎಂಆರ್‌ಐ ಮಾಡುವಷ್ಟು ಯಂತ್ರಗಳು ಹೆಚ್ಚಿನ ಆಸ್ಪತ್ರೆಗಳಲ್ಲಿ ಇಲ್ಲ. ಅದಕ್ಕೆ ಎಷ್ಟೋ ಕಡೆ ಒಂದು ಸಲ ಎಂಆರ್‌ಐ ಮಾಡಿ, ಉಳಿದ ಸಲ ಸಿಟಿಯಲ್ಲಿ ಹೊಂದಿಸಿಕೊಳ್ಳುತ್ತಾರೆ. ಅದೂ ತಕ್ಕಮಟ್ಟಿಗೆ ಒಳ್ಳೆಯ ದಾರಿಯೇ.

ಕೀಮೋ ಕಡೆಯೂ ಹೊಸದು ಬಂದಿದೆ. ಕರೆಂಟ್ ಶುರುವಾಗುವ ಮೊದಲು ಆರು ವಾರ ಬೇರೆ ಕೀಮೋ ಕೊಡುವುದನ್ನು ಇಂಟರ್‌ಲೇಸ್ ಅನ್ನುವ ಅಧ್ಯಯನ ಐದು ದೇಶಗಳಲ್ಲಿ ನೋಡಿತು. ಅದರಲ್ಲಿ ಭಾರತವೂ ಇತ್ತು. ಐದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 72ರಿಂದ 80ಕ್ಕೆ ಏರಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಇಂಥ ಹೆಚ್ಚುವರಿ ಚಿಕಿತ್ಸೆ ಮೈಗೆ ಭಾರ. ಯಾರಿಗೆ ನಿಜವಾಗಿ ಬೇಕು ಅಂತ ಆರಿಸಲು ಎಂಆರ್‌ಐ ಸುಳಿವು ಮುಂದೆ ನೆರವಾಗಬಹುದು. ಇವತ್ತಿಗೆ ಬರೀ ಎಡಿಸಿ ಸಂಖ್ಯೆ ನೋಡಿ ಚಿಕಿತ್ಸೆ ನಿಲ್ಲಿಸುವುದಾಗಲಿ, ಔಷಧಿ ಬದಲಿಸುವುದಾಗಲಿ ವಾಡಿಕೆಯಲ್ಲಿ ಇಲ್ಲ. ನಡುವಿನ ಸ್ಕ್ಯಾನಿನಲ್ಲಿ ಸುಳಿವು ಚೆನ್ನಾಗಿಲ್ಲ ಅಂತ ಯಾರಾದರೂ ಹೇಳಿದರೆ ಚಿಕಿತ್ಸೆ ಬಿಟ್ಟು ಮನೆಗೆ ಹೋಗಬೇಡಿ. ಅಂಥವರೇ ಒಳಗಿನ ಕರೆಂಟನ್ನು ಒಂದು ದಿನವೂ ತಪ್ಪಿಸಿಕೊಳ್ಳಬಾರದು.

ಎಲ್ಲಿ ಎಡವುತ್ತದೆ

ಎಡಿಸಿ ಜಾಸ್ತಿ ಇದ್ದರೆಲ್ಲ ಒಳ್ಳೆಯದು ಅಂತಲ್ಲ. ಗಡ್ಡೆಯ ನಡುಭಾಗ ಚಿಕಿತ್ಸೆಗೂ ಮೊದಲೇ ಕೊಳೆತು ನೀರಾಗಿದ್ದರೆ ಅಲ್ಲಿ ಸಂಖ್ಯೆ ಮೊದಲಿಂದಲೇ ಜಾಸ್ತಿ ಬರುತ್ತದೆ. ಆದರೆ ಅದು ಆಮ್ಲಜನಕ ಸಿಗದೆ ಆದ ಕೊಳೆತ. ಸುತ್ತ ಹಠಮಾರಿ ಜೀವಕೋಶಗಳೇ ಇರಬಹುದು. ಕರುಳಿನಲ್ಲಿ ಗ್ಯಾಸ್ ಇದ್ದರೆ ಡಿಫ್ಯೂಷನ್ ಚಿತ್ರ ಸೊಟ್ಟಗಾಗುತ್ತದೆ. ಕರುಳು ಅಲುಗದಿರಲಿ ಅಂತ ಕೆಲವು ಕಡೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಚಿಕಿತ್ಸೆ ಮುಗಿದ ತಕ್ಷಣ ನೋಡಿದರೆ ಊತ, ಉರಿಯೂತ ಎಲ್ಲ ಗಡ್ಡೆಯ ಹಾಗೇ ಕಾಣಬಹುದು. ಅದಕ್ಕೇ ಕೊನೆಯ ತೀರ್ಪಿನ ಸ್ಕ್ಯಾನಿಗೆ ಸುಮಾರು ಮೂರು ತಿಂಗಳು ಕಾಯುತ್ತಾರೆ. ಆ ಮೂರು ತಿಂಗಳು ಮನೆಯವರಿಗೆ ಬಹಳ ಉದ್ದ. ಆದರೂ ಕಾಯಬೇಕು.

ಒಂದು ಯಂತ್ರದ ಸಂಖ್ಯೆ ಇನ್ನೊಂದು ಯಂತ್ರದ ಸಂಖ್ಯೆಗೆ ಪೂರ್ತಿ ಹೊಂದುವುದಿಲ್ಲ. ಇದು ನಮಗೆ ಪೆಟ್ಟು ಕೊಟ್ಟ ವಿಷಯ. ಚಿಕ್ಕಮ್ಮನ ಮೊದಲ ಎಂಆರ್‌ಐ ಊರ ಹತ್ತಿರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಆಗಿತ್ತು. ಅವರು ಎರಡು ಫಿಲ್ಮ್ ಶೀಟು, ಒಂದು ಪುಟದ ರಿಪೋರ್ಟ್ ಕೊಟ್ಟರು. ಸಿಡಿ ಕೊಡಲಿಲ್ಲ. ನಾವೂ ಕೇಳಲಿಲ್ಲ, ಕೇಳಬೇಕು ಅಂತ ಗೊತ್ತಿರಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಹೋಲಿಸಲು ಹೋದಾಗ ಅಲ್ಲಿ ಹಳೆಯ ಚಿತ್ರ ಉಳಿದಿರಲಿಲ್ಲ. ಫಿಲ್ಮಿನಲ್ಲಿ ಗಡ್ಡೆಯ ಅಳತೆ ಇತ್ತು, ಡಿಫ್ಯೂಷನ್ ಸಂಖ್ಯೆ ಇರಲಿಲ್ಲ. ಮಂಡಿ ಎಷ್ಟು ಖಾಲಿಯಾಗಿದೆ ಅಂತ ತಿಳಿಯಲು ಮೊದಲು ಎಷ್ಟು ತುಂಬಿತ್ತು ಅಂತ ಗೊತ್ತಿರಬೇಕಲ್ಲ. ಹಾಗಾಗಿ ಆಗುವುದಾದರೆ ಎಲ್ಲ ಸ್ಕ್ಯಾನನ್ನೂ ಒಂದೇ ಕಡೆ ಮಾಡಿಸಿ. ಪ್ರತಿ ಸಲ ಸಿಡಿ ಕೇಳಿ ಪಡೆದುಕೊಳ್ಳಿ. ಅದರ ಮೇಲೆ ತಾರೀಖು ಬರೆದಿಡಿ.

ಈಗ ಕಂಪ್ಯೂಟರ್ ಕೂಡ ಈ ಕೆಲಸಕ್ಕೆ ಬಂದಿದೆ. ಗಡ್ಡೆಯ ಚಿತ್ರದಲ್ಲಿ ನಮ್ಮ ಕಣ್ಣಿಗೆ ಕಾಣದ ಒರಟು, ನುಣುಪು, ಏರುಪೇರುಗಳನ್ನು ನೂರಾರು ಸಂಖ್ಯೆಗಳಾಗಿಸಿ, ಯಾವುದು ಕರಗುತ್ತದೆ ಅಂತ ಊಹಿಸಲು ಕಲಿಸುತ್ತಾರೆ. ಒಂದು ಆಸ್ಪತ್ರೆಯ ಕೆಲವು ನೂರು ಜನರ ಚಿತ್ರಗಳಲ್ಲಿ ಕಲಿತದ್ದು ಬೇರೆ ಯಂತ್ರ, ಬೇರೆ ಊರಿನ ಜನರಲ್ಲಿ ಅಷ್ಟೇ ಚೆನ್ನಾಗಿ ನಡೆಯುತ್ತದೆ ಅಂತ ಹೇಳಲಾಗದು. ಏಳು ತಿಂಗಳು ತಡವಾಗಿ ಬಂದು, ಹಿಮೋಗ್ಲೋಬಿನ್ 7.8 ಇರುವ ನಮ್ಮ ಕಡೆಯ ಹೆಂಗಸರ ಚಿತ್ರಗಳೂ ಆ ಕಲಿಕೆಯಲ್ಲಿ ಸೇರಬೇಕು. ಸೇರದಿದ್ದರೆ ಆ ಊಹೆ ನಮ್ಮವರ ಪಾಲಿಗೆ ಬೇರೆಯವರ ಜಾತಕ.

ಮೇಜಿನ ಮೇಲೆ ಮಲಗುವವರಿಗೆ

ಸ್ಕ್ಯಾನಿಗೆ ಮೊದಲು ತಾಳಿ, ಬಳೆ, ಕಾಲುಂಗುರ, ಮೂಗುಬಟ್ಟು, ಹೇರ್‌ಪಿನ್, ಸೆರಗಿನ ಪಿನ್ನು ಎಲ್ಲ ತೆಗೆಯಬೇಕು. ತಾಳಿ ತೆಗೆಯಬೇಕು ಅಂದಾಗ ಚಿಕ್ಕಮ್ಮನ ಮುಖ ಸಣ್ಣಗಾಯಿತು. ಅಲ್ಲಿದ್ದ ನರ್ಸ್ ಅರಿಶಿನದ ದಾರಕ್ಕೆ ಕೊಂಬು ಕಟ್ಟಿ ಕೊರಳಿಗೆ ಹಾಕಿದರು. ದಾರಕ್ಕೆ ಆಯಸ್ಕಾಂತ ಏನೂ ಮಾಡುವುದಿಲ್ಲ. ಅಷ್ಟೇ ಸಾಕಾಯಿತು. ಆ ನರ್ಸಿನ ಕೈಗೆ ನಾನು ಇವತ್ತಿಗೂ ನಮಸ್ಕಾರ ಮಾಡುತ್ತೇನೆ. ಕಾಪರ್ ಟಿ ಇದ್ದರೆ, ಹೃದಯದಲ್ಲಿ ಪೇಸ್‌ಮೇಕರ್ ಇದ್ದರೆ, ಮೂಳೆಯಲ್ಲಿ ರಾಡ್ ಇದ್ದರೆ ಮೊದಲೇ ಹೇಳಬೇಕು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಅಲುಗದೆ ಮಲಗಬೇಕು. ಸದ್ದು ಜೋರು, ಡೋಲು ಬಡಿದ ಹಾಗೆ. ಅದು ಯಂತ್ರದ ಸುರುಳಿಗಳ ಸದ್ದು, ಕೆಟ್ಟುಹೋದದ್ದಲ್ಲ. ಉಸಿರು ಕಟ್ಟಿದ ಹಾಗಾಗುತ್ತದೆ ಅನ್ನುವವರನ್ನು ಕೆಲವು ಕಡೆ ಕಾಲು ಮುಂದಾಗಿ ಒಳಗೆ ಕಳಿಸುತ್ತಾರೆ, ಕೇಳಿ ನೋಡಿ.

ಖರ್ಚಿನ ವಿಷಯ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಯಾವ ಸ್ಕ್ಯಾನ್ ಅದರಲ್ಲಿ ಸೇರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

ಚಿಕ್ಕಮ್ಮನ ಎಂಟು ವಾರ ಐವತ್ತಮೂರು ದಿನಕ್ಕೆ ಮುಗಿಯಿತು. ಒಳಗಿನ ಕರೆಂಟಿಗೆ ಮೊದಲು ಮಾಡಿದ ಎಂಆರ್‌ಐನಲ್ಲಿ ಐದೂವರೆ ಸೆಂಟಿಮೀಟರಿನ ಗಡ್ಡೆ ಒಂದೂವರೆಗೆ ಇಳಿದಿತ್ತು. ಉಳಿದದ್ದು ಎಡಕ್ಕೆ ವಾಲಿತ್ತು, ಆ ಕಡೆಗೆ ಎರಡು ಸೂಜಿ ಸೇರಿಸಿದರು. ಮೂರು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರ್ ಪರದೆಯ ಮೇಲೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ಒಳಗಿನ ಕರೆಂಟಿಗೆ ಮೊದಲಿನದರಲ್ಲಿ ಬೂದು ಬಣ್ಣದ ಗಡ್ಡೆ ಎಡಗಡೆ ಉಂಗುರ ಹರಿದು ಹೊರಗೆ ಚಾಚಿತ್ತು. ಹೊಸದರಲ್ಲಿ ಬೂದು ಇರಲಿಲ್ಲ. ತೆಳ್ಳಗಿನ ಕಪ್ಪು ಉಂಗುರ ಸುತ್ತಲೂ ಕೂಡಿಕೊಂಡಿತ್ತು. ಡಾಕ್ಟರ್ ಬೆರಳಿನಿಂದ ಅದನ್ನು ಒಂದು ಸುತ್ತು ತೋರಿಸಿದರು. ಚಿಕ್ಕಮ್ಮ ಕುರ್ಚಿಯಿಂದ ಎದ್ದು, ಪರದೆಯ ಹತ್ತಿರ ಹೋಗಿ, ತಾವೂ ಒಂದು ಸುತ್ತು ಬೆರಳಾಡಿಸಿದರು.